ಗುಂಡು ನಿಲ್ಲುವ ಜಾಗ

ಶೇಂಗಾ ಕಾಯಿ ಕಟ್ಟುವ, ಗೋವಿನಜೋಳ ಹಾಲುದುಂಬುವ ಹೊತ್ತಿಗೆ ಕುಷ್ಟಗಿ ಸೀಮೆಯ ಚಹಾದಂಗಡಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ಹಂದಿಗೆ ಯಾವ ಬಂದೂಕು ಚಲೋ ರೀ?" ಕೇಳುವವರಿಗೆ ಬೇಟೆಯ ಶೋಕಿ ಇರುವುದಿಲ್ಲ. ಹನುಮಸಾಗರದ ಗುಡ್ಡಸಾಲಿನ ಬುಡದಲ್ಲೋ ಹಳ್ಳದ ಜಾಲಿಗಂಟಿಯ ಅಂಚಿನಲ್ಲೋ ಮೂರು ನಾಲ್ಕು ಎಕರೆ ಒಣಬೇಸಾಯ ಮಾಡಿಕೊಂಡವರು ಅವರು. ಮಳೆ ಕೈಕೊಟ್ಟು, ಮತ್ತೆ ಬಂದು, ಅಂತೂ ಬೆಳೆ ಕೈ ಹತ್ತುತ್ತದೆ ಎನ್ನುವಾಗ ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿ ಸಾಲುಸಾಲೇ ಮೂತಿಯಿಂದ ಉತ್ತುಹಾಕಿ ಹೋಗಿರುತ್ತದೆ. ಬೆಳಿಗ್ಗೆ ಬದುವಿನ ಮೇಲೆ ನಿಂತವನಿಗೆ ಕಾಣುವುದು ತಿರುವಿ ಬಿದ್ದ ಬಳ್ಳಿ, ಹರಡಿದ ಸಿಪ್ಪೆ, ಹಸಿ ಮಣ್ಣಿನಲ್ಲಿ ಮೂಡಿದ ಗೊರಸು. ಆ ಹೊತ್ತಿನಲ್ಲಿ ಬಂದೂಕಿನ ಮಾತು ಬಾಯಿಗೆ ಬಂದರೆ ಅದನ್ನು ತಪ್ಪು ಅನ್ನಲಾಗದು. ಆ ಪ್ರಶ್ನೆಗೆ ಗಂಭೀರವಾದ ಉತ್ತರ ಸಿಗಬೇಕು.

ಉತ್ತರ ಹುಡುಕುವಾಗ ಎಲ್ಲರೂ ಬೋರು (ನಳಿಗೆಯ ಒಳ ಅಳತೆ), ಕಂಪನಿ, ಬೆಲೆ ಎಂದು ಹೊರಡುತ್ತಾರೆ. ನಾನು ಬೇರೆ ಕಡೆಯಿಂದ ಹೊರಡುತ್ತೇನೆ: ಹೊಡೆದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ? ಹಂದಿಗೆ ತಾಗಿದರೂ ಅದರ ಮೈ ದಾಟಿ ಹೋಗಬಹುದು, ತಪ್ಪಿದರಂತೂ ಹೋಗಿಯೇ ಹೋಗುತ್ತದೆ. ಅದನ್ನು ತಡೆಯುವುದು ಯಾವುದು, ಮಣ್ಣೋ, ಕಲ್ಲೋ, ಪಕ್ಕದ ಹೊಲದಲ್ಲಿ ಮಲಗಿದ ಮನುಷ್ಯನೋ? ಕೊಪ್ಪಳ ಜಿಲ್ಲೆಯ ಬಯಲು ನೆಲದಲ್ಲಿ ಬಂದೂಕಿನ ಆಯ್ಕೆ ಈ ಪ್ರಶ್ನೆಯ ಮೇಲೆ ನಿಂತಿದೆ. ಉಳಿದದ್ದೆಲ್ಲ ಆಮೇಲಿನದು.

ನಮ್ಮಲ್ಲಿ ಓದುವ ಅಭ್ಯಾಸವಿದ್ದವರ ತಲೆಯಲ್ಲಿ ಬೇಟೆಯ ಬಂದೂಕಿನ ಚಿತ್ರ ಬಂದದ್ದು ಕೆನೆತ್ ಆಂಡರ್ಸನ್‌ನಿಂದ. ಪೂರ್ಣಚಂದ್ರ ತೇಜಸ್ವಿ ಅವನ ಅನುಭವಗಳನ್ನು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದ ಮೇಲೆ ಎಷ್ಟೋ ಹುಡುಗರು ಅವನ .405 ವಿಂಚೆಸ್ಟರ್ ರೈಫಲ್ಲನ್ನು ಕಣ್ಣಿಗೆ ಕಟ್ಟಿಕೊಂಡರು. ಜಿಮ್ ಕಾರ್ಬೆಟ್ ಓದಿದವರಿಗೆ ಅವನ .275 ರಿಗ್ಬಿ ಗೊತ್ತು. ಅವರು ಆ ರೈಫಲ್‌ಗಳನ್ನು ಹಿಡಿದದ್ದು ದಟ್ಟ ಕಾಡಿನಲ್ಲಿ, ಕಣಿವೆಯಲ್ಲಿ. ತಪ್ಪಿದ ಗುಂಡಿಗೆ ಮರವೋ ಗುಡ್ಡವೋ ಅಡ್ಡ ಸಿಗುತ್ತಿತ್ತು. ಯಲಬುರ್ಗಾದ ಎರೆಹೊಲದಲ್ಲಿ ಕಣ್ಣು ಹಾಯುವವರೆಗೆ ಒಂದು ಬೇವಿನ ಮರ ಸಿಕ್ಕರೆ ಹೆಚ್ಚು. ಕಾಡಿನ ರೈಫಲ್ಲು ಹೊಲಕ್ಕೆ ಒಗ್ಗುತ್ತದೆ ಎಂದುಕೊಳ್ಳುವುದು ಮೊದಲ ತಪ್ಪು.

ಬಂದೂಕಿನ ಮಾತಿಗೆ ಮುಂಚೆ ಪ್ರಾಣಿಯ ಮಾತು ಮುಗಿಸಬೇಕು. ಈ ಜಿಲ್ಲೆಯಲ್ಲಿ ಬೆಳೆಗೆ, ಜೀವಕ್ಕೆ, ದನಕರುವಿಗೆ ತೊಂದರೆ ಕೊಡುವ ಪ್ರಾಣಿಗಳ ಪಟ್ಟಿ ಚಿಕ್ಕದಲ್ಲ. ಯಲಬುರ್ಗಾ, ಕುಕನೂರು ಕಡೆ ಹೆಸರು, ಕಡಲೆ ಮೊಳಕೆಯೊಡೆದ ಕೂಡಲೇ ಕೃಷ್ಣಮೃಗದ ಹಿಂಡು ಇಳಿಯುತ್ತದೆ. ಗಂಗಾವತಿ, ಆನೆಗೊಂದಿಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ನವಿಲಂತೂ ಎಲ್ಲೆಲ್ಲೂ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಇವುಗಳ ಮೇಲೆ ಬಂದೂಕು ಎತ್ತುವುದೆಂದರೆ ಕನಿಷ್ಠ ಮೂರು ವರ್ಷದ ಜೈಲನ್ನು ಮೈಮೇಲೆ ಎಳೆದುಕೊಂಡ ಹಾಗೆ. ಬೆಳೆ ಹಾಳಾಯಿತು ಎಂಬ ಕಾರಣಕ್ಕೆ ಕೃಷ್ಣಮೃಗವನ್ನು ಹೊಡೆಯಲು ಯಾವ ಬೋರೂ ಸೂಕ್ತವಲ್ಲ. ಅಲ್ಲಿರುವ ದಾರಿ ಬೇಲಿ, ಕಾವಲು, ಅರಣ್ಯ ಇಲಾಖೆಯ ಪರಿಹಾರ.

ಉಳಿಯುವುದು ಕಾಡುಹಂದಿ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ಅದು ಎರಡನೇ ಅನುಸೂಚಿಗೆ ಸೇರಿದೆ. 11ನೇ ಕಲಮಿನ ಪ್ರಕಾರ, ಮನುಷ್ಯನ ಜೀವಕ್ಕೋ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೋ ಅದು ಅಪಾಯ ತಂದಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಟ್ಟು, ಕಾರಣ ಬರೆದು, ಅದನ್ನು ಹೊಡೆಯಲು ಅನುಮತಿಸಬಹುದು. ಇಲ್ಲಿ ಬಹಳ ಜನ ಎಡವುತ್ತಾರೆ. ಕೈಯಲ್ಲಿ ಬಂದೂಕಿನ ಲೈಸೆನ್ಸ್ ಇದೆ, ಅದರಲ್ಲಿ ಬೆಳೆ ರಕ್ಷಣೆಗೆ ಎಂದೇ ಬರೆದಿದೆ, ಆದ್ದರಿಂದ ಹಂದಿ ಹೊಡೆಯಬಹುದು ಎಂದು ತಿಳಿಯುತ್ತಾರೆ. ಜಿಲ್ಲಾಧಿಕಾರಿ ಕೊಡುವುದು ಬಂದೂಕು ಇಟ್ಟುಕೊಳ್ಳುವ ಪರವಾನಗಿ. ಹಂದಿಯನ್ನು ಹೊಡೆಯುವ ಪರವಾನಗಿ ಅರಣ್ಯ ಇಲಾಖೆಯಿಂದ ಬೇರೆಯಾಗಿ ಬರಬೇಕು. ಎರಡೂ ಇರಬೇಕು. ಹೊಡೆದ ಹಂದಿಯೂ ಸರ್ಕಾರದ ಸ್ವತ್ತು. ಅದನ್ನು ಮನೆಗೆ ಒಯ್ದು ಕೊಯ್ದು ಹಂಚಿದರೆ ಅದೊಂದು ಪ್ರತ್ಯೇಕ ಅಪರಾಧ.

ಇನ್ನು ಬೋರಿನ ಮಾತು. ಈ ನಾಡಿನಲ್ಲಿ ಯಾರ ಕೈಯಲ್ಲಿ ಯಾವ ಬಂದೂಕು ಇರಬೇಕು ಎಂಬುದನ್ನು ಪ್ರಾಣಿ ಎಂದೂ ತೀರ್ಮಾನಿಸಲಿಲ್ಲ, ಆಳುವವರ ಭಯ ತೀರ್ಮಾನಿಸಿತು. ಕುಷ್ಟಗಿಯ ವಾಯವ್ಯಕ್ಕೆ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿ ಇದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ತಂದೊಪ್ಪಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದು ಎಂದು ಕಾಯ್ದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಬದುಕು, ಆಯುಧ ಅವರ ಮಾನ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಆ ಘಟನೆಯ ಮೇಲಿನ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಕಾಲಕ್ಕೆ ಕೊಡಗಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ ಇರುವವರಿಗೂ ಬ್ರಿಟಿಷರು ಬಂದೂಕಿನ ಪರವಾನಗಿಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಒಂದೇ ರಾಜ್ಯದ ಎರಡು ತುದಿಗಳಲ್ಲಿ ಬಂದೂಕಿನ ಸಂಸ್ಕೃತಿ ಹೀಗೆ ಎರಡಾಗಿ ಕವಲೊಡೆಯಿತು. ಕೊಡಗಿನ ಮನೆಯಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ನಡೆಯುತ್ತದೆ, ಮಕ್ಕಳು ಹಿರಿಯರಿಂದ ಅದನ್ನು ಹಿಡಿಯುವ ಕ್ರಮ ಕಲಿಯುತ್ತಾರೆ. ನಮ್ಮ ಕಡೆ ಅಂಥ ಕಲಿಕೆಯ ಸರಣಿಯೇ ಕಡಿದುಹೋಯಿತು. ಇದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ. ಬಂದೂಕು ಬಳಸಲು ಬಾರದವನ ಕೈಯಲ್ಲಿರುವ ಬಂದೂಕಿನಷ್ಟು ಅಪಾಯದ್ದು ಹೊಲದಲ್ಲಿ ಇನ್ನೊಂದಿಲ್ಲ.

ಆಳುವವರ ಭಯ ಬೋರಿನ ಅಂಕಿಯಲ್ಲೂ ಉಳಿದಿದೆ. 20ನೇ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ಬೇಟೆ ರೈಫಲ್‌ಗಳು ಭಾರತಕ್ಕೆ ಬರುವುದನ್ನು ಬ್ರಿಟಿಷರು ತಡೆದರು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ನಳಿಗೆ ಅದೇ ಅಳತೆಯದು, ದಂಗೆಕೋರರಿಗೆ ಗುಂಡು ಸಿಕ್ಕೀತು ಎಂಬ ಅಂಜಿಕೆ. ಇಂಗ್ಲೆಂಡಿನ ತಯಾರಕರು ಕೂಡಲೇ .465, .470 ಎಂದು ಕೂದಲೆಳೆಯಷ್ಟು ವ್ಯತ್ಯಾಸದ ಹೊಸ ಬೋರುಗಳನ್ನು ಮಾಡಿದರು. ಆನೆ, ಹುಲಿ ಬೇಟೆಯ ಹೆಸರಾಂತ ರೈಫಲ್‌ಗಳು ಹುಟ್ಟಿದ್ದು ಒಂದು ನಿಷೇಧದಿಂದ. ಸೈನ್ಯದ .303 ಬೋರು ಜನರಿಗೆ ಇಲ್ಲವಾದ್ದರಿಂದ ಬಂದದ್ದು .315. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಈ ರೈಫಲ್ಲಿನ ಯಂತ್ರ .303ರದೇ ಕುಲದ್ದು, ತೋಟಾ ಮಾತ್ರ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ತೋಟಾದ ಮೇಲೆ ಕಟ್ಟಿದ್ದು. ಇಂದಿಗೂ .303 ಮತ್ತು 7.62 ಮಿ.ಮೀ. ರೈಫಲ್‌ಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಹಾಗಾಗಿ ರೈಫಲ್ ಲೈಸೆನ್ಸ್ ಸಿಕ್ಕಿದ ಸಾಮಾನ್ಯನ ಮುಂದೆ ಬಹುಪಾಲು .22, .315, .30-06 ಇಷ್ಟೇ ಉಳಿಯುತ್ತವೆ.

ರೈತನಿಗೆ ಕಾನೂನು ಏನು ಕೊಡುತ್ತದೆ? 1959ರ ಆಯುಧ ಕಾಯ್ದೆಯ 13ನೇ ಕಲಮು ಇದನ್ನು ನೇರವಾಗಿ ಹೇಳುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಅಂಗುಲ ನಳಿಗೆಯ, ಒಳಗೋಡೆ ನಯವಾಗಿರುವ ಬೇರೆ ಬಂದೂಕು, ಅಂದರೆ ನಮ್ಮ 12 ಬೋರಿನದು. ರೈಫಲ್ ಬೇಕೆಂದರೆ ಅದಕ್ಕೆ ಬೇರೆಯದೇ ಸಕಾರಣ ತೋರಿಸಬೇಕು. ರೈತರು ಇದನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ: ಸಾಹೇಬರಿಗೆ ರೈಫಲ್ಲು, ನಮಗೆ ಮದ್ದಿನ ಕೊಳವೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಭಯದಿಂದ ಹುಟ್ಟಿದ ಈ ಕಾನೂನು ನಮ್ಮ ನೆಲಕ್ಕೆ ಬಹುಮಟ್ಟಿಗೆ ಸರಿಯಾಗಿಯೇ ಹೊಂದಿಕೊಂಡಿದೆ. ಏಕೆ ಎನ್ನಲು ಗುಂಡಿನ ದೂರ ನೋಡಬೇಕು.

ರೈಫಲ್ಲಿನ ನಳಿಗೆಯ ಒಳಗೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡು ಅವುಗಳಲ್ಲಿ ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತ ಹೊರಬೀಳುತ್ತದೆ, ಆದ್ದರಿಂದ ನೆಟ್ಟಗೆ, ಬಹುದೂರ ಹೋಗುತ್ತದೆ. .315ರ ಗುಂಡಿನ ತೂಕ ಸುಮಾರು 16 ಗ್ರಾಂ, ವೇಗ ಸೆಕೆಂಡಿಗೆ 600 ಮೀಟರಿಗೂ ಹೆಚ್ಚು. 1906ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಮಾಡಿದ .30-06ರ ಗುಂಡು ಸೆಕೆಂಡಿಗೆ 800 ಮೀಟರ್ ದಾಟುತ್ತದೆ, ನಳಿಗೆ ಮೇಲೆತ್ತಿ ಹೊಡೆದರೆ ನಾಲ್ಕು ಕಿಲೋಮೀಟರಿಗೂ ಆಚೆ ಬೀಳಬಲ್ಲದು. ಚಿಕ್ಕದೆಂದು ಎಲ್ಲರೂ ಹಗುರಾಗಿ ಕಾಣುವ .22 ಕೂಡ, ಎರಡೂವರೆ ಗ್ರಾಮಿನ ಆ ಸೀಸದ ಚೂರು ಕೂಡ, ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಕುಷ್ಟಗಿಯಿಂದ ಯಾವ ದಿಕ್ಕಿಗೆ ಹೋದರೂ ಅಷ್ಟು ದೂರದೊಳಗೆ ಒಂದು ತೋಟದ ಮನೆಯೋ ರಸ್ತೆಯೋ ಸಿಕ್ಕೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುಗ್ಗಿಯ ನಂತರ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ಪದ್ಧತಿ ಇಲ್ಲಿದೆ. ಇಂದು ಯಾರ ಹೊಲದಲ್ಲಿ ಕುರಿ ತರುಬಿದ್ದಾರೆ, ಕುರಿಗಾರರು ಯಾವ ಬದುವಿನ ಮಗ್ಗುಲಲ್ಲಿ ಕಂಬಳಿ ಹೊದ್ದು ಮಲಗಿದ್ದಾರೆ ಎಂಬುದು ರಾತ್ರಿ ಕಾವಲಿಗೆ ಕೂತವನಿಗೆ ಗೊತ್ತಿರುವುದಿಲ್ಲ.

12 ಬೋರಿನ ಲೆಕ್ಕವೇ ಬೇರೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಒಂದೊಂದು ಉಂಡೆಯ ಅಡ್ಡಗಲ ಎಷ್ಟೋ ಅಷ್ಟು ನಳಿಗೆಯ ಬಾಯಿ, ಸುಮಾರು 18.5 ಮಿ.ಮೀ. ಇದೇ ಕಾರಣಕ್ಕೆ 16 ಬೋರು 12ಕ್ಕಿಂತ ಸಣ್ಣದು. ಒಂದೇ ತೋಟಾದಲ್ಲಿ ಹಲವು ಗುಂಡುಗಳು: ಹಕ್ಕಿಗೆಂದು ಮಾಡಿದ ಸಣ್ಣ ಛರ್ರೆಯಿಂದ ಹಿಡಿದು ದೊಡ್ಡ ಪ್ರಾಣಿಗೆಂದು ಮಾಡಿದ ಎಸ್‌ಜಿ, ಎಲ್‌ಜಿವರೆಗೆ. ಉರುಟು ಗುಂಡಿಗೆ ಗಾಳಿ ಬೇಗ ತಡೆ ಒಡ್ಡುತ್ತದೆ. ನಾಲ್ಕನೇ ನಂಬರಿನ ಛರ್ರೆ 250 ಮೀಟರಿನೊಳಗೆ ಸತ್ತುಬೀಳುತ್ತದೆ, ಎಲ್‌ಜಿ ಗುಂಡು ಕೂಡ ಕಿಲೋಮೀಟರ್ ಮುಟ್ಟುವುದಿಲ್ಲ. ಬಯಲಿನಲ್ಲಿ ಇದು ದೊಡ್ಡ ಅನುಕೂಲ.

ಆದರೆ ಹಂದಿಯ ಕಡೆಯಿಂದಲೂ ನೋಡಬೇಕಲ್ಲ. ಬಲಿತ ಗಂಡುಹಂದಿ ನೂರು ಕಿಲೋ ದಾಟುತ್ತದೆ. ಅದರ ಭುಜದ ಮೇಲೆ ಚರ್ಮದಡಿ ಗಟ್ಟಿ ನಾರಿನಂಥ ಒಂದು ಗುರಾಣಿಯೇ ಬೆಳೆದಿರುತ್ತದೆ, ಗಂಡುಗಂಡು ಕಾದಾಡುವಾಗ ಕೋರೆ ಒಳನುಗ್ಗದಿರಲೆಂದು. ಹೃದಯ ನಾವು ಎಣಿಸುವುದಕ್ಕಿಂತ ಕೆಳಗೆ, ಮುಂಗಾಲಿನ ಹಿಂದೆ ಎದೆಯ ತಳಕ್ಕೆ ಹತ್ತಿರ ಇರುತ್ತದೆ. ಸಣ್ಣ ಛರ್ರೆ ಈ ಮೈಯಲ್ಲಿ ಚರ್ಮದಷ್ಟಕ್ಕೇ ನಿಲ್ಲುತ್ತದೆ, ಕೀವಾಗುತ್ತದೆ, ಪ್ರಾಣಿ ವಾರಗಟ್ಟಲೆ ನರಳಿ ಸಾಯುತ್ತದೆ. ಎಲ್‌ಜಿ ಸಾಕಾಗುತ್ತದೆ, ಆದರೆ ಹತ್ತಿರದಿಂದ ಮಾತ್ರ. ನಯ ನಳಿಗೆಯಿಂದ ಹೊರಟ ಗುಂಡುಗಳು ಗಜಕ್ಕೆ ಒಂದು ಅಂಗುಲದಂತೆ ಹರಡುತ್ತ ಹೋಗುತ್ತವೆ ಎಂಬುದು ಹಳೆಯ ಅಂದಾಜು. 25 ಗಜದಲ್ಲಿ ಎರಡಡಿ ಅಗಲ. ಒಳಗಿರುವ ಬೆರಳೆಣಿಕೆಯ ಗುಂಡುಗಳಲ್ಲಿ ಎರಡೋ ಮೂರೋ ಎದೆಗೆ ಬಿದ್ದಾವು. 50 ಗಜದಲ್ಲಿ ಒಂದು ಬಿದ್ದರೆ ಪುಣ್ಯ, ಅದೂ ಹೊಟ್ಟೆಗೆ. ಹೊಟ್ಟೆಗೆ ಪೆಟ್ಟು ಬಿದ್ದ ಹಂದಿ ಓಡಿಹೋಗಿ ಎಲ್ಲೋ ಗೋವಿನಜೋಳದ ನಡುವೆ ಮಲಗುತ್ತದೆ, ಬೆಳಿಗ್ಗೆ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಅದರ ಮೇಲೆ ಹೋಗಿ ಬೀಳುತ್ತಾರೆ. ಗಾಯಗೊಂಡ ಹಂದಿಯ ಕೋರೆ ತೊಡೆಯ ರಕ್ತನಾಳ ಸೀಳಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಇರುವುದಿಲ್ಲ. ಆದ್ದರಿಂದ 12 ಬೋರಿನಲ್ಲಿ ಎಲ್‌ಜಿ ತುಂಬಿದವನು 25 ಗಜಕ್ಕಿಂತ ಆಚೆ ಇರುವ ಹಂದಿಯ ಮೇಲೆ ಕುದುರೆ ಎಳೆಯಲೇಬಾರದು. ಹಂದಿ ಅಷ್ಟು ಹತ್ತಿರ ಬಾರದಿದ್ದರೆ ಸುಮ್ಮನೆ ಕೂಡುವುದು ಬೇಟೆಗಾರಿಕೆಯ ಭಾಗವೇ. ಒಂಟಿ ಗುಂಡಿನ ತೋಟಾ ಇನ್ನೂ ಸ್ವಲ್ಪ ದೂರ, 40 ಗಜದವರೆಗೆ, ಸರಿಯಾಗಿ ಬೀಳುತ್ತದೆ. ಆದರೆ ನಳಿಗೆಯ ಬಾಯಿ ಬಿಗಿಯಾಗಿರುವ, ಪೂರ್ತಿ ಚೋಕ್ ಇರುವ ಬಂದೂಕಿನಲ್ಲಿ ಉರುಟು ಒಂಟಿ ಗುಂಡು ಹಾಕಬಾರದು, ನಳಿಗೆ ಉಬ್ಬಿ ಸೀಳುತ್ತದೆ. ಜೋಡುನಳಿಗೆ ಬಂದೂಕುಗಳಲ್ಲಿ ಸಾಮಾನ್ಯವಾಗಿ ಎಡ ನಳಿಗೆ ಬಿಗಿ, ಬಲ ನಳಿಗೆ ಸಡಿಲು. ಹಳೆಯ ಬಂದೂಕು ಕೊಳ್ಳುವವರು ಇದನ್ನು ಮೊದಲು ನೋಡಿಸಬೇಕು.

ಇಲ್ಲಿ ಒಂದು ತೊಡಕಿದೆ. ಜರ್ಮನಿಯ ಬೇಟೆ ಕಾಯ್ದೆ ನಮ್ಮದಕ್ಕೆ ಪೂರ್ತಿ ವಿರುದ್ಧ. ಹಂದಿ, ಜಿಂಕೆಯಂಥ ಗೊರಸಿನ ಪ್ರಾಣಿಗೆ ಛರ್ರೆ ಹೊಡೆಯುವುದೇ ಅಲ್ಲಿ ಅಪರಾಧ. ಹಂದಿಗೆ ರೈಫಲ್ಲೇ ಆಗಬೇಕು, ಬೋರು ಕನಿಷ್ಠ 6.5 ಮಿ.ಮೀ. ಇರಬೇಕು, 100 ಮೀಟರಿನಲ್ಲಿ ಗುಂಡಿಗೆ 2,000 ಜೂಲ್ ಶಕ್ತಿ ಉಳಿದಿರಬೇಕು. ಕಾರಣ ಪ್ರಾಣಿದಯೆ: ಸಾಯುವ ಪ್ರಾಣಿ ಒಂದೇ ಏಟಿಗೆ ಸಾಯಬೇಕು, ಗಾಯಗೊಂಡು ಅಲೆಯಬಾರದು. ಅವರ ಬೋರನ್ನು ಪ್ರಾಣಿಯ ಮೈ ತೀರ್ಮಾನಿಸಿದೆ. ಹಾಗಾದರೆ ನಾವು ರೈತನಿಗೆ ನಯ ನಳಿಗೆ ಕೊಟ್ಟು ಹಂದಿಯನ್ನು ಹಿಂಸಿಸುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗದು. ಆದರೆ ಜರ್ಮನಿಯ ಬೇಟೆಗಾರ ತಿಂಗಳುಗಟ್ಟಲೆ ಓದಿ, ಗುರಿ ಕಲಿತು, ಪರೀಕ್ಷೆ ಪಾಸಾದವನು. ಅವನು ಹೆಚ್ಚಾಗಿ ಹೊಡೆಯುವುದು ಹೊಲದಂಚಿನಲ್ಲಿ ಕಟ್ಟಿದ ಎತ್ತರದ ಮರದ ಅಟ್ಟಣಿಗೆಯ ಮೇಲೆ ಕೂತು. ಅಲ್ಲಿಂದ ಗುಂಡು ಕೆಳಮುಖವಾಗಿ ಹೋಗಿ ನೆಲ ಹೊಗುತ್ತದೆ.

ನಮ್ಮಲ್ಲೂ ಅಂಥ ಅಟ್ಟಣಿಗೆ ಇದೆ. ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ ಮುದುಕರು ಇನ್ನೂ ಇದ್ದಾರೆ. ಆ ಮಂಚಿಕೆಯೇ ಬಂದೂಕಿನವನಿಗೆ ಬೋರಿಗಿಂತ ದೊಡ್ಡದು. ಲೆಕ್ಕ ಹಾಕಿ ನೋಡಿ. ನೆಲದ ಮೇಲೆ ನಿಂತವನ ಬಂದೂಕು ಭೂಮಿಯಿಂದ 1.3 ಮೀಟರ್ ಎತ್ತರದಲ್ಲಿದೆ, 25 ಮೀಟರ್ ಆಚೆ ಹಂದಿಯ ಎದೆ ಅರ್ಧ ಮೀಟರ್ ಎತ್ತರದಲ್ಲಿದೆ ಎನ್ನಿ. ತಪ್ಪಿದ ಗುಂಡು ಇನ್ನೂ 15 ಮೀಟರ್ ಹೋಗಿ ನೆಲ ಮುಟ್ಟುತ್ತದೆ, ಅದೂ ಎರಡು ಡಿಗ್ರಿಗಿಂತ ಕಡಿಮೆ ಕೋನದಲ್ಲಿ, ನೀರಿನ ಮೇಲೆ ಓರೆಯಾಗಿ ಎಸೆದ ಕಲ್ಲಿನಂತೆ. ಕುಷ್ಟಗಿಯ ನೆಲ ಗ್ರಾನೈಟಿನದು, ಹೊಲಗಳಲ್ಲೇ ಬಂಡೆ ತಲೆ ಎತ್ತಿರುತ್ತದೆ. ಅಷ್ಟು ಓರೆಯಾಗಿ ಬಂದ ಗುಂಡು ಕಲ್ಲಿಗೆ ತಾಗಿ ಪುಟಿದರೆ ದಿಕ್ಕು ಯಾರಿಗೆ ಗೊತ್ತು? ನಳಿಗೆ ಒಂದು ಬೆರಳಿನಷ್ಟು ಮೇಲೇರಿದರಂತೂ ಹತ್ತಿರದಲ್ಲೆಲ್ಲೂ ನೆಲವನ್ನು ಮುಟ್ಟುವ ಮಾತೇ ಇಲ್ಲ. ಅದೇ ಮನುಷ್ಯ ಹತ್ತಡಿಯ ಮಂಚಿಕೆಯ ಮೇಲೆ ಕೂತರೆ ನಳಿಗೆ ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಬರುತ್ತದೆ. ಆಗ ಅದೇ 25 ಮೀಟರಿನಲ್ಲಿ ಹಂದಿಯನ್ನು ದಾಟಿದ ಗುಂಡು ನಾಲ್ಕು ಮೀಟರಿನೊಳಗೆ, ಎಂಟು ಡಿಗ್ರಿ ಕೋನದಲ್ಲಿ ಮಣ್ಣು ಸೇರುತ್ತದೆ. ಎರೆಮಣ್ಣಾಗಲಿ ಕೆಂಪು ಮಸಾರಿಯಾಗಲಿ, ಮಳೆಗಾಲದ ಹಸಿ ನೆಲ ಅದನ್ನು ನುಂಗಿಕೊಳ್ಳುವ ಸಂಭವ ಹೆಚ್ಚು. ಇನ್ನೂ ಎತ್ತರವಾದರೆ ಇನ್ನೂ ಒಳ್ಳೆಯದು. ಮೇಲೆ ಕೂತವನ ವಾಸನೆ ಹಂದಿಗೆ ಬೇಗ ಹತ್ತುವುದಿಲ್ಲ, ಅದು 25 ಗಜದೊಳಗೆ ಬರುವ ಸಂಭವವೂ ಹೆಚ್ಚು. ಬಂದೂಕಿಗೆ ಹಣ ಹೊಂದಿಸುವ ಮೊದಲು ಮಂಚಿಕೆ ಹಾಕಲು ನಾಲ್ಕು ಗಟ್ಟಿ ಕಂಬ ಹುಡುಕಿ ಎಂದು ನಾನು ಹೇಳುವುದು ಇದಕ್ಕೇ.

ಬಾಯಿಂದ ತುಂಬುವ ಬಂದೂಕಿನ ಬಗ್ಗೆ ನನಗೆ ಒಳ್ಳೆಯ ಮಾತು ಹೆಚ್ಚಿಲ್ಲ. ಅದನ್ನು ತುಂಬುವುದನ್ನು ನೋಡಿದವರಿಗೆ ಏಕೆಂದು ತಿಳಿಯುತ್ತದೆ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಳತೆಯ ಕರಿಮದ್ದು ಸುರಿಯಬೇಕು, ಮೇಲೆ ನಾರೋ ಬಟ್ಟೆಯೋ ತುರುಕಿ ಗಜಕಡ್ಡಿಯಿಂದ ಜಡಿಯಬೇಕು, ಗುಂಡು ಹಾಕಿ ಮತ್ತೆ ಬಟ್ಟೆ, ಮತ್ತೆ ಜಡಿತ, ಕೊನೆಗೆ ಹಿಂಬದಿಯ ಮೊಳೆಯ ಮೇಲೆ ಕೇಪು ಕೂರಿಸಬೇಕು. ಶ್ರಾವಣದ ತುಂತುರಿನಲ್ಲಿ ಕೇಪು ತೇವವಾದರೆ ಕುದುರೆ ಬಿದ್ದರೂ ಟಪ್ ಎಂದು ಸುಮ್ಮನಾಗುತ್ತದೆ. ಮದ್ದು ಹೊತ್ತಿಲ್ಲವೆಂದು ಒಳಗೆ ಇಣುಕಿದವರ ಮುಖ ಸುಟ್ಟಿದೆ. ಮೊದಲೇ ತುಂಬಿದ್ದು ಮರೆತು ಕತ್ತಲಲ್ಲಿ ಇನ್ನೊಮ್ಮೆ ತುಂಬಿದರೆ ನಳಿಗೆಯೇ ಒಡೆಯುತ್ತದೆ. ಸಿಗುವುದು ಒಂದೇ ಏಟು. ಗಾಯಗೊಂಡ ಹಂದಿ ತಿರುಗಿಬಿದ್ದರೆ ಎರಡನೆಯದಕ್ಕೆ ಸಮಯವಿಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವ ರೈತ, ಮದ್ದಿನ ಬಂದೂಕು ಸಾಲದು ಎಂಬುದಕ್ಕೆ ಕಾರಣಗಳನ್ನು ಬರೆದು, 12 ಬೋರೇ ಬೇಕೆಂದು ಕೇಳುವುದು ಒಳ್ಳೆಯದು. ಆ ಅವಕಾಶ ಕಾಯ್ದೆಯಲ್ಲೇ ಇದೆ. ಕಳ್ಳ ಕುಲುಮೆಯ ನಾಡ ಬಂದೂಕಿನ ಮಾತೇ ಬೇಡ. ಅದರ ನಳಿಗೆ ಎಷ್ಟು ಒತ್ತಡ ತಾಳುತ್ತದೆ ಎಂದು ಅದನ್ನು ಮಾಡಿದವನಿಗೂ ತಿಳಿದಿರುವುದಿಲ್ಲ.

ಗಾಳಿ ಬಂದೂಕು ಇಲಿಗೆ ಸರಿ, ಅಷ್ಟಕ್ಕೇ. 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡವೆಂಬ ಧೈರ್ಯದಲ್ಲಿ ಹುಡುಗರು ಗಿಳಿ, ನವಿಲು, ಮಂಗಗಳ ಮೇಲೆ ಹೊಡೆಯುತ್ತಾರೆ. ಬಂದೂಕಿಗೆ ಲೈಸೆನ್ಸ್ ಬೇಡ ಎಂದರೆ ಪ್ರಾಣಿಗೆ ರಕ್ಷಣೆ ಇಲ್ಲ ಎಂದಲ್ಲ. .22 ರೈಫಲ್ಲೂ ಹಂದಿಗೆ ಅಲ್ಲ: ಕೊಲ್ಲಲು ಸಾಲದು, ದೂರ ಹೋಗಲು ಮಾತ್ರ ಸಾಲುತ್ತದೆ. ಈಚೆಗೆ ಪೈಪು, ಕಾರ್ಬೈಡ್, ನೀರು ಕೂಡಿಸಿ ಸದ್ದು ಮಾಡುವ ಕಾರ್ಬೈಡ್ ಗನ್ ಹೊಲಗಳಿಗೆ ಬಂದಿದೆ. ಗುಂಡಿಲ್ಲದ್ದು ಎಂದು ಅದನ್ನು ಆಟಿಕೆಯಂತೆ ಕಾಣುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಸಾಧನದಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು, ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು.

ಇಷ್ಟೆಲ್ಲ ಹೇಳುವಾಗ ನನಗೆ ಬಂದೂಕಿಗಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಬಂದೂಕಿಲ್ಲದವರ ದಾರಿಗಳು. ಲೈಸೆನ್ಸಿಗೆ ಅಲೆದು ಬೇಸತ್ತವರು ಬೇಲಿಗೆ ಕರೆಂಟು ಕೊಡುತ್ತಾರೆ. ಸೌರಬೇಲಿಯ ಹಾಗೆ ಚುರುಕ್ ಎನಿಸಿ ಬಿಡುವ ಮಿಡಿತವಲ್ಲ ಅದು, ಕಂಬದಿಂದ ನೇರ ಎಳೆದ 230 ವೋಲ್ಟ್. ರಾತ್ರಿ ನೀರು ಹಾಯಿಸಲು ಹೋದ ಪಕ್ಕದ ಹೊಲದವನು ಸಾಯುತ್ತಾನೆ, ಎಷ್ಟೋ ಸಲ ತಂತಿ ಕಟ್ಟಿದವನೇ ಸಾಯುತ್ತಾನೆ. ಇನ್ನು ಕೆಲವರು ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ. ಎಮ್ಮೆ, ಆಕಳು, ನಾಯಿ ದವಡೆ ಹರಿದುಕೊಂಡು ನಿಲ್ಲುತ್ತವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸಿರಾನೆಯೊಂದು ಸಿಡಿಮದ್ದು ಕಚ್ಚಿ, ಬಾಯಿ ಒಡೆದುಕೊಂಡು ನದಿಯಲ್ಲಿ ನಿಂತು ಪ್ರಾಣ ಬಿಟ್ಟದ್ದನ್ನು ದೇಶವೇ ನೋಡಿತು. ಉರುಲಂತೂ ಯಾವ ಪ್ರಾಣಿಯನ್ನೂ ಆರಿಸುವುದಿಲ್ಲ. ಹಂದಿಗೆ ಹಾಕಿದ ತಂತಿಯಲ್ಲಿ ಕರಡಿ, ಚಿರತೆ ಸಿಕ್ಕಿಬಿದ್ದು ಸತ್ತಿವೆ. ನಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ 332 ಹೆಕ್ಟೇರಿನ ಬಂಕಾಪುರ ತೋಳ ಧಾಮ ಇದೆ. ತೋಳಕ್ಕೆ ಮೀಸಲಾದ ಧಾಮಗಳು ಇಡೀ ದೇಶದಲ್ಲೇ ಅಪರೂಪ. ಹಂದಿಮರಿಯನ್ನು, ಕೃಷ್ಣಮೃಗವನ್ನು ತಿಂದು ಅವುಗಳ ಸಂಖ್ಯೆಗೆ ಕಡಿವಾಣ ಹಾಕುವ ಪ್ರಾಣಿ ತೋಳ. ಉರುಲಿಗೂ ಸಿಡಿಮದ್ದಿಗೂ ತೋಳ ಬಲಿಯಾದರೆ ನಷ್ಟ ರೈತನದೇ.

ಆದ್ದರಿಂದ ಬಂದೂಕೇ ಬೇಡ ಎನ್ನುವವರ ಜೊತೆ ನಾನಿಲ್ಲ. ಮನೆಗೊಂದು ಬಂದೂಕು ಬೇಕು ಎನ್ನುವವರ ಜೊತೆಗೂ ಇಲ್ಲ. ಕೇರಳ 2022ರಲ್ಲಿ ಒಂದು ನಡುದಾರಿ ಹಿಡಿಯಿತು. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಯಲು ಅನುಮತಿಸುವ ಅಧಿಕಾರವನ್ನು ಪಂಚಾಯಿತಿ, ನಗರಸಭೆಗಳ ಮುಖ್ಯಸ್ಥರಿಗೆ ಕೊಟ್ಟು, ಲೈಸೆನ್ಸ್ ಇರುವ ನುರಿತವರ ಪಟ್ಟಿ ಮಾಡಿ ಅವರಿಂದ ಹೊಡೆಸುವ ವ್ಯವಸ್ಥೆ ಮಾಡಿತು. ಅಲ್ಲಿ ಗುರಿಕಾರರೂ ಹಣವೂ ಸಾಲದೆಂಬ ದೂರುಗಳಿವೆ. ಆದರೂ ಕತ್ತಲಲ್ಲಿ ಗಾಬರಿಗೊಂಡ ನೂರು ಕೈಗಳಿಗಿಂತ, ಹೊಲದ ಸುತ್ತಲಿನ ಮನೆ, ರಸ್ತೆ, ಕುರಿಹಟ್ಟಿ ಎಲ್ಲಿವೆ ಎಂದು ಹಗಲಲ್ಲೇ ನೋಡಿಕೊಂಡು ಮಂಚಿಕೆ ಏರುವ ನಾಲ್ಕು ಪಳಗಿದ ಕೈಗಳು ಮೇಲು. ಅಂಥ ತಂಡದವರಿಗೆ ಬೇಕಾದರೆ .315 ರೈಫಲ್ಲೂ ಇರಲಿ. ಗುಡ್ಡದ ಓರೆಗೆ ಎದುರಾಗಿ, ಹಿಂದೆ ಮಣ್ಣಿನ ಗೋಡೆ ಇರುವ ಕಡೆ, ಹನುಮಸಾಗರ, ಕಬ್ಬರಗಿಯ ಸಾಲುಗುಡ್ಡಗಳ ಬುಡದಲ್ಲಿ ಅದು 12 ಬೋರಿಗಿಂತ ದಯೆಯ ಆಯುಧ. ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ಅದೇ ರೈಫಲ್ಲು ಎರೆಬಯಲಿಗೆ ಇಳಿಯಬಾರದು.

ಲೈಸೆನ್ಸ್ ಬೇಕೆನ್ನುವವರಿಗೆ ಕೊನೆಯದಾಗಿ ಕೆಲವು ಮಾತು. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿಯ ಜೊತೆ ಬಂದೂಕು ಸುರಕ್ಷತೆಯ ತರಬೇತಿ ಪತ್ರ ಕೇಳುತ್ತಾರೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯನ್ನು ಬರೀ ಕಾಗದಕ್ಕೆಂದು ಮುಗಿಸಬೇಡಿ, ಅಲ್ಲಿ ಕಲಿಯಿರಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೇಳಿಕಳುಹಿಸುತ್ತಾರೆ. ಬೆಳೆ ನಿಂತ ಕಾಲಕ್ಕೆ ಹಾಗಾದರೆ ವಿನಾಯಿತಿಗೆ ಅರ್ಜಿ ಕೊಡಬಹುದು. ಹಂದಿ ಬೆಳೆ ತಿಂದ ಬೆಳಿಗ್ಗೆಯೇ ಪಹಣಿ ಹಿಡಿದುಕೊಂಡು, ಫೋಟೊ ತೆಗೆದು, ವಲಯ ಅರಣ್ಯಾಧಿಕಾರಿಯ ಕಚೇರಿಗೆ ದೂರು ಕೊಡಿ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಹಣ ಬರುವುದು ಆ ದೂರಿನಿಂದ. 11ನೇ ಕಲಮಿನ ಅನುಮತಿ ಕೇಳುವಾಗ ಹಾನಿಗೆ ಸಾಕ್ಷಿಯಾಗುವುದೂ ಅದೇ. ಪೊಲೀಸ್ ವರದಿ, ತಹಶೀಲ್ದಾರರ ವರದಿ, ಜಿಲ್ಲಾಧಿಕಾರಿ ಕಚೇರಿ ಎಂದು ಕಡತ ಸುತ್ತಲು ತಿಂಗಳುಗಳೇ ಬೇಕು. ಮುಂಗಾರಿನ ಶೇಂಗಾಕ್ಕೆ ಬಂದೂಕು ಬೇಕಾದವರು ಅರ್ಜಿ ಹಾಕಬೇಕಾದ್ದು ಹಿಂದಿನ ಹಿಂಗಾರಿನಲ್ಲಿ, ಕಡಲೆ ಬಿತ್ತುವ ಹೊತ್ತಿಗೆ.